ವಲಸೆಗಾರರ ತಾಯಿ ಕಬ್ರೀನಿ

ಪರಸ್ಥಳದಿಂದ ಬಂದವರಿಗೆ ಬಾಗಿಲನ್ನು ತೆರೆಯುವುದು ಒಂದು. ಒಳಗೆ ಬಂದವರಿಗೆ ಎಲ್ಲರೊಡನೆ ಸಮಾನವಾದ ಆಸನವನ್ನು ಕೊಡುವುದು ಮತ್ತೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವುದು ಮನುಷ್ಯರಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವು. ಈ ಎರಡನೆಯ ಕಾರ್ಯಕ್ಕಾಗಿ ತಮ್ಮ ಆಯುಸ್ಸನ್ನೇ ಸವೆಯಿಸಿದ ಒಬ್ಬ ಉಪಾಧ್ಯಾಯಿನಿಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡಲು ನಾವು ಅಪೇಕ್ಷಿಸುತ್ತೇವೆ.

ಫ್ರಾಂಚೆಸ್ಕಾ ಕಬ್ರೀನಿಯವರು ೧೮೫೦ನೆಯ ಇಸವಿ ಜುಲೈ ೧೫ರಂದು ಇಟಲಿ ದೇಶದ ಲೊಂಬಾರ್ದಿ ಪ್ರಾಂತದ ಸಾಂತಾಂಜೆಲೋ ಎಂಬ ಊರಿನಲ್ಲಿ, ಒಕ್ಕಲುತನದ ಮನೆಯಲ್ಲಿ ಜನಿಸಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಾದುದರಿಂದ ಅವರ ದೇಹವು ಕಡೆಯವರೆಗೂ ಬಲಹೀನವಾಗಿಯೇ ಉಳಿಯಿತು. ಬಾಲ್ಯದಲ್ಲಿ ಕಾಗದದ ದೋಣಿಗಳಲ್ಲಿ ಹೂಗಳನ್ನಿಟ್ಟು, ಅವುಗಳನ್ನು ದೂರದೇಶಕ್ಕೆ ಹೊರಟ ಬೋಧಕರೆಂದು ಭಾವಿಸಿ ನೀರಿನಲ್ಲಿ ತೇಲಿಬಿಡುತ್ತಿದ್ದರು. ಹಾಗೆ ಆಡುತ್ತಿರುವಾಗ ಒಮ್ಮೆ ನೀರಿಗೆ ಬಿದ್ದು ಬದುಕಿದರು. ಅಂದು ಹುಟ್ಟಿದ ನೀರಿನ ಭಯವು ಅವರನ್ನು ಬಹುಕಾಲ ಬಿಡಲಿಲ್ಲ. ಅಂಥವರೇ ಮುಂದೆ ಇಪ್ಪತ್ತಕ್ಕೂ ಹೆಚ್ಚು ಸಲ ಅಟ್ಲಾಂಟಿಕ್ ಸಾಗರವನ್ನು ದಾಟಿದರೆಂಬುದನ್ನು ನೆನೆದರೆ ನಮಗೆ ಆಶ್ಚರ್ಯವಾಗುತ್ತದೆ.

೧೮೬೮ರಲ್ಲಿ ಅವರು ಉಪಾಧ್ಯಾಯಿನಿಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಎರಡು ವರ್ಷಗಳಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡರು. ಕನ್ಯಾಮಠವನ್ನು ಸೇರಬೇಕೆಂಬ ಅವರ ಅಪೇಕ್ಷೆಯು, ಅವರ ಶರೀರವು ದುರ್ಬಲವೆಂಬ ಕಾರಣದಿಂದ ನಿರಾಕರಿಸಲ್ಪಟ್ಟಿತು. ಬೇಡವೆನಿಸಿಕೊಂಡವರ ಸಂಕಟವೇನೆಂಬುದನ್ನು ಅವರು ಹೀಗೆ ತಮ್ಮ ಅನುಭವದಿಂದಲೇ ಕಲಿತರು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ, ಬಳಿಕ ೧೮೭೪ರಿಂದ ಕೊದೊಞ್ಞೋ ಪಟ್ಟಣದ ಒಂದು ಅನಾಥಾಲಯದಲ್ಲಿ ದುಡಿದು, ೧೮೮೦ರ ನವೆಂಬರಿನಲ್ಲಿ ಕೆಲವು ಸಂಗಾತಿಗಳೊಡನೆ ತಾವೇ ಒಂದು ಭಗಿನೀಸಂಘವನ್ನು ಸ್ಥಾಪಿಸಿದರು. ಚೀನಾ ದೇಶಕ್ಕೆ ಹೋಗಬೇಕೆಂಬುದು ಅವರ ಚಿಕ್ಕಂದಿನ ಕನಸಾಗಿದ್ದಿತು. ಆದರೆ ಹದಿಮೂರನೆಯ ಲಿಯೋ ಪೋಪರು ಅವರಿಗೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗಬೇಕೆಂದು ಅಪ್ಪಣೆ ಕೊಟ್ಟರು.

ಈ ಅಪ್ಪಣೆಗೆ ಕಾರಣವಿದ್ದಿತು. ಆ ಕಾಲದಲ್ಲಿ ಇಟಲಿಯ ಬಡಜನರು ಹೊಲದ ಬೆಳೆಯಿಂದ ಹೊಟ್ಟೆ ಹೊರೆಯಲಾರದೆ, ತೆರಿಗೆಯ ಭಾರವನ್ನು ತಾಳಲಾರದೆ, ಲಕ್ಷಗಟ್ಟಲೆಯಾಗಿ ಅಮೇರಿಕೆಗೆ ಹಡಗು ಹತ್ತುತ್ತಿದ್ದರು. ಅಲ್ಲಿ ಮೇಸ್ತ್ರಿಗಳು ಅವರಿಗೆ ಕೆಲಸ ಕೊಡಿಸಿ ಕೂಲಿಯಲ್ಲಿ ಪಾಲು ಕೀಳುತ್ತಿದ್ದರು. ಭಾಷೆ ತಿಳಿಯದು, ಓದುಬರಹ ಬಾರದು. ಇದಕ್ಕಿಂತ ಕಠಿಣವಾದ ಸಂಗತಿಯೆಂದರೆ, ಅವರದೇ ಮತದ ದೇವಾಲಯಗಳಲ್ಲಿಯೂ ಅನೇಕ ಕಡೆ ಅವರಿಗೆ ಮೇಲಿನ ಮಂದಿರದಲ್ಲಿ ಸ್ಥಳವಿರದೆ, ನೆಲಮಾಳಿಗೆಯಲ್ಲಿ ಪ್ರತ್ಯೇಕವಾಗಿ ಪೂಜೆ ನಡೆಯುತ್ತಿದ್ದಿತು. ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ೧೮೮೪ರಲ್ಲಿ ಕಾರ್ಮೆಲ್ ಮಾತೆಯ ಹೆಸರಿನ ದೇವಾಲಯವು ಕಟ್ಟಲ್ಪಟ್ಟಾಗ ಇಟಲಿಯ ಕೂಲಿಗಳು ತಮ್ಮ ದುಡಿಮೆಯನ್ನು ಅದಕ್ಕೆ ಧಾರೆಯೆರೆದರು. ಆದರೂ ಎಷ್ಟೋ ವರ್ಷಗಳ ಕಾಲ ಅವರು ಆ ದೇವಾಲಯದ ಕೆಳಗಿನ ಅಂತಸ್ತಿನಲ್ಲಿಯೇ ಪ್ರಾರ್ಥಿಸಬೇಕಾಯಿತು.

ಪಿಯಚೆಂಜಾದ ಬಿಷಪ್ ಸ್ಕಲಾಬ್ರೀನಿಯವರು ಈ ದುಃಖವನ್ನು ಕಂಡು, ವಲಸೆಗಾರರ ಸೇವೆಗೆಂದೇ ೧೮೮೭ರಲ್ಲಿ ಗುರುಗಳ ಸಂಘವೊಂದನ್ನು ಏರ್ಪಡಿಸಿದ್ದರು. ಅವರ ಪ್ರೇರಣೆಯೂ ಸೇರಿ, ತಾಯಿ ಕಬ್ರೀನಿಯವರು ಆರು ಮಂದಿ ಭಗಿನಿಯರೊಡನೆ ೧೮೮೯ರ ಮಾರ್ಚ್ ೩೧ರಂದು ನ್ಯೂಯಾರ್ಕಿನಲ್ಲಿ ಇಳಿದರು. ಅವರಿಗಾಗಿ ಯಾವ ಮನೆಯೂ ಸಿದ್ಧವಾಗಿರಲಿಲ್ಲ. ಕೊಳಕಾದ ಬಾಡಿಗೆಯ ಕೋಣೆಗಳಲ್ಲಿ, ಮಲಗಲು ಮನಸ್ಸೊಪ್ಪದೆ, ಪ್ರಾರ್ಥನೆಯಲ್ಲಿಯೇ ಮೊದಲ ರಾತ್ರಿಯನ್ನು ಕಳೆದರು. ಮರುದಿನ ಆರ್ಚ್‌ಬಿಷಪ್ ಕಾರಿಗನ್ನರು, ಸಂಕಲ್ಪಿಸಿದ್ದ ಕಾರ್ಯಕ್ಕೆ ಏರ್ಪಾಡುಗಳಾಗಿಲ್ಲವಾದುದರಿಂದ ಇಟಲಿಗೆ ಹಿಂದಿರುಗುವುದೇ ಲೇಸೆಂದು ತಿಳಿಸಿದರು. ತಮ್ಮನ್ನು ಕಳುಹಿಸಿದವರು ಪೋಪರು, ಆದಕಾರಣ ತಾವು ಇಲ್ಲಿಯೇ ಇರುವೆವೆಂದು ತಾಯಿಯವರು ವಿನಯದಿಂದಲೇ ಅರಿಕೆ ಮಾಡಿದರು, ಅಲ್ಲಿಯೇ ಉಳಿದರು.

ಸ್ಕಲಾಬ್ರೀನಿಯವರ ಗುರುಗಳು ನಡೆಸುತ್ತಿದ್ದ ಸಂತ ಜೋಕಿಮ್ಮರ ಇಗರ್ಜಿಯಲ್ಲಿ ಭಗಿನಿಯರ ಕಾರ್ಯವು ಆರಂಭವಾಯಿತು. ಶಾಲೆಗೆ ಕಟ್ಟಡವಿಲ್ಲದಿದ್ದುದರಿಂದ ದೇವಾಲಯವೇ ಪಾಠಶಾಲೆಯಾಯಿತು. ಮಕ್ಕಳಿಗೆ ಅವರ ತಾಯಿನುಡಿಯಲ್ಲಿಯೂ ಆ ನಾಡಿನ ಭಾಷೆಯಲ್ಲಿಯೂ ಬೋಧನೆ ನಡೆಯಿತು. ಭಗಿನಿಯರು ಜನರು ಬರುವರೆಂದು ಕಾದು ಕುಳಿತುಕೊಳ್ಳಲಿಲ್ಲ. ಇಕ್ಕಟ್ಟಾದ ಮನೆಗಳ ಮೆಟ್ಟಿಲುಗಳನ್ನು ಹತ್ತಿದರು, ಸೆರೆಮನೆಗಳಿಗೆ ಹೋದರು, ಕೊಲರಾಡೋ ಸೀಮೆಯಲ್ಲಿ ಗಣಿಗಳೊಳಕ್ಕೂ ಇಳಿದರು. ರೋಗಿಗಳು ತಮ್ಮ ನೋವನ್ನು ತಮ್ಮ ಮಾತಿನಲ್ಲಿಯೇ ಹೇಳಿಕೊಳ್ಳುವಂತೆ ೧೮೯೨ರಲ್ಲಿ ನ್ಯೂಯಾರ್ಕಿನಲ್ಲಿ ಕೊಲಂಬಸ್ ಆಸ್ಪತ್ರೆಯು ತೆರೆಯಲ್ಪಟ್ಟಿತು. ನ್ಯೂ ಆರ್ಲಿಯನ್ಸ್ ನಗರದಲ್ಲಿ ೧೮೯೧ರ ಮಾರ್ಚಿಯಲ್ಲಿ ಜನರ ಗುಂಪೊಂದು ಸೆರೆಮನೆಗೆ ನುಗ್ಗಿ ಇಟಲಿಯ ಮೂಲದ ಹನ್ನೊಂದು ಮಂದಿಯನ್ನು ಕೊಂದಿದ್ದಿತು. ಮರುವರ್ಷವೇ ತಾಯಿಯವರು ಅಲ್ಲಿಗೆ ಭಗಿನಿಯರನ್ನು ಕಳುಹಿಸಿ, ಭಯದಿಂದ ಕುಗ್ಗಿದ್ದ ಆ ಜನರ ನಡುವೆ ಶಾಲೆಯನ್ನೂ ಅನಾಥಾಲಯವನ್ನೂ ನಡೆಯಿಸಿದರು.

೧೯೦೯ರಲ್ಲಿ ಸಿಯಾಟಲ್ ನಗರದಲ್ಲಿ ಅವರು ತಾವೂ ಅಮೇರಿಕೆಯ ಪ್ರಜೆಯಾದರು. ೧೯೧೭ರ ಡಿಸೆಂಬರ್ ೨೨ರಂದು ಷಿಕಾಗೋದಲ್ಲಿ ತಮ್ಮದೇ ಆಸ್ಪತ್ರೆಯಲ್ಲಿ ದೈವಾಧೀನರಾದರು. ಅದರ ಹಿಂದಿನ ದಿನವೂ ಮಕ್ಕಳಿಗೆ ಕ್ರಿಸ್ಮಸ್ ಹಬ್ಬದ ಮಿಠಾಯಿಯನ್ನು ಅಣಿಮಾಡುವುದರಲ್ಲಿ ಕೈಗೂಡಿಸಿದ್ದರಂತೆ. ಅಷ್ಟರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಗಳು ಅರವತ್ತೇಳು. ೧೯೪೬ರ ಜುಲೈ ೭ರಂದು ಅವರಿಗೆ ಸಂತಪದವಿಯು ದೊರೆಯಿತು. ೧೯೫೦ರಲ್ಲಿ ಅವರು ವಲಸೆಗಾರರ ಪಾಲಕಿಯೆಂದು ಸಾರಲ್ಪಟ್ಟರು.

ಈ ಚರಿತ್ರೆಯನ್ನು ಬರೆಯುವಾಗ ನಮ್ಮ ಮನಸ್ಸನ್ನು ಒಂದು ನೆನಪು ಚುಚ್ಚುತ್ತದೆ. ಕೆಲವು ವರ್ಷಗಳ ಹಿಂದೆ, ಕಟ್ಟಡದ ಕೆಲಸಕ್ಕೆಂದು ದೂರದ ಪ್ರಾಂತದಿಂದ ಬಂದ ಕುಟುಂಬದ ಬಾಲಿಕೆಯೊಬ್ಬಳು ವರ್ಷದ ನಡುವೆ ನಮ್ಮ ತರಗತಿಯನ್ನು ಸೇರಿದಳು. ಅವಳಿಗೆ ಕನ್ನಡವು ಬಾರದು. ಪಾಠಕ್ಕೆ ತಡೆಯಾಗಬಾರದೆಂದು ನಾವು ಅವಳನ್ನು ಕಡೆಯ ಬೆಂಚಿನಲ್ಲಿ ಕುಳ್ಳಿರಿಸಿದೆವು. ಅವಳು ಯಾರಿಗೂ ತೊಂದರೆ ಕೊಡಲಿಲ್ಲ. ಅದನ್ನೇ ನಾವು ಒಳ್ಳೆಯ ನಡತೆಯೆಂದು ತಿಳಿದೆವು. ಒಂದು ದಿನ ಅವಳು ಬರಲಿಲ್ಲ. ಕೆಲಸ ಮುಗಿದು ಕುಟುಂಬವು ಬೇರೆಡೆಗೆ ಹೊರಟುಹೋಗಿದ್ದಿತು. ಅವಳ ಧ್ವನಿಯು ಹೇಗಿದ್ದಿತೆಂಬುದು ಇಂದಿಗೂ ನಮಗೆ ತಿಳಿಯದು. ಬಾಗಿಲನ್ನು ತೆರೆದವರು ನಾವೇ, ಅವಳಿಗೆ ನೆಲಮಾಳಿಗೆಯನ್ನು ತೋರಿಸಿದವರೂ ನಾವೇ.

ಆದಕಾರಣ ಪ್ರಿಯ ವಿದ್ಯಾರ್ಥಿನಿಯರೇ, ಈ ವರ್ಷ ಹೊಸದಾಗಿ ಬಂದ ಹುಡುಗಿಯು ನಿಮ್ಮ ತರಗತಿಯಲ್ಲಿದ್ದರೆ, ಅವಳು ಮಾತನಾಡಲೆಂದು ಕಾಯದಿರಿ. ನಿಮ್ಮ ಬೆಂಚಿನಲ್ಲಿ ಸ್ವಲ್ಪ ಸರಿದು ಕುಳಿತುಕೊಂಡು, ಅವಳ ಭಾಷೆಯಲ್ಲಿ ನೀರಿಗೆ ಏನೆನ್ನುವರೆಂದು ಕೇಳಿರಿ. ಅವಳ ಒಂದು ಮಾತನ್ನು ನೀವು ಕಲಿತ ದಿನ ಅವಳು ನಿಮ್ಮ ನೂರು ಮಾತುಗಳನ್ನು ಕಲಿಯುವಳೆಂದು ನಾವು ನಂಬುತ್ತೇವೆ.