ನೆರೆಹೊರೆಯನ್ನೇ ಪಾಠಶಾಲೆಯಾಗಿಸಿದ ಜೇನ್ ಆಡಮ್ಸ್

ನಾಲ್ಕಕ್ಷರ ಕಲಿತ ಮಕ್ಕಳು ಹೆತ್ತವರ ಕಸುಬನ್ನು ಹೇಳಿಕೊಳ್ಳಲು ನಾಚುವುದು ಹೊಸ ಸಮಸ್ಯೆಯಲ್ಲ. 1900ರ ಸುಮಾರಿಗೆ ಅಮೆರಿಕದ ಚಿಕಾಗೊ ನಗರದಲ್ಲೂ ಅದು ಇತ್ತು. ಅದಕ್ಕೆ ಪರಿಹಾರ ಹುಡುಕಿದ ಮಹಿಳೆ ಜೇನ್ ಆಡಮ್ಸ್.

ಇವರು 1860ರ ಸೆಪ್ಟೆಂಬರ್ 6ರಂದು ಇಲಿನಾಯ್ ರಾಜ್ಯದ ಸೀಡರ್‌ವಿಲ್‌ನಲ್ಲಿ ಜನಿಸಿದರು. ಎರಡನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ತಂದೆ ಗಿರಣಿಯ ಮಾಲೀಕರು. 1881ರಲ್ಲಿ ಓದು ಮುಗಿಯಿತು, ಅದೇ ವರ್ಷ ತಂದೆಯೂ ತೀರಿಕೊಂಡರು. ಅನಾರೋಗ್ಯದಿಂದಾಗಿ ವೈದ್ಯಕೀಯ ವ್ಯಾಸಂಗ ಅರ್ಧಕ್ಕೇ ನಿಂತಿತು. ಕಲಿತ ವಿದ್ಯೆಯಿಂದ ಯಾರಿಗೆ ಪ್ರಯೋಜನ ಎಂಬ ಚಿಂತೆ ಅವರನ್ನು ವರ್ಷಗಟ್ಟಲೆ ಕಾಡಿತು.

1888ರಲ್ಲಿ ಅವರು ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿದರು. ಅಲ್ಲಿ ವಿಶ್ವವಿದ್ಯಾಲಯದ ಯುವಕರು ಬಡವರ ಬಡಾವಣೆಯಲ್ಲೇ ವಾಸವಿದ್ದು, ಅಲ್ಲಿನವರಿಗೆ ಕಲಿಸುತ್ತಾ ತಾವೂ ಕಲಿಯುತ್ತಿದ್ದರು. ಆಡಮ್ಸ್‌ರಿಗೆ ದಾರಿ ಸಿಕ್ಕಿತು. 1889ರ ಸೆಪ್ಟೆಂಬರ್ 18ರಂದು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಚಿಕಾಗೊದ ಹಾಲ್‌ಸ್ಟೆಡ್ ಬೀದಿಯಲ್ಲಿ 'ಹಲ್ ಹೌಸ್' ಆರಂಭಿಸಿದರು. ಸುತ್ತಲೂ ಇಟಲಿ, ಜರ್ಮನಿ, ರಷ್ಯಾ, ಗ್ರೀಸ್‌ಗಳಿಂದ ಬಂದ ಕೂಲಿಕಾರರ ಮನೆಗಳು. ಶಿಶುವಿಹಾರ, ರಾತ್ರಿ ತರಗತಿಗಳು ಶುರುವಾದವು. ಕಾಲೇಜು ಓದಿದ ಯುವತಿಯರು ಅಲ್ಲಿಯೇ ನೆಲೆಸಿದರು. ಅವರು ಮನೆಮನೆಯ ಆದಾಯ ವಿಚಾರಿಸಿ ತಯಾರಿಸಿದ ನಕ್ಷೆಗಳು 1895ರಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ಆಡಮ್ಸ್ ತಮ್ಮ ವಾರ್ಡಿನ ಕಸ ವಿಲೇವಾರಿಯ ಇನ್‌ಸ್ಪೆಕ್ಟರ್ ಆಗಿ, ಬೆಳಗಿನ ಜಾವ ಕಸದ ಗಾಡಿಗಳ ಬೆನ್ನುಹತ್ತಿದರು.

ಆದರೆ ಒಂದು ವಿಷಯ ಅವರ ಮನಸ್ಸನ್ನು ನೋಯಿಸುತ್ತಿತ್ತು. ಶಾಲೆಗೆ ಹೋದ ಮಕ್ಕಳು ತಲೆಗೆ ವಸ್ತ್ರ ಕಟ್ಟಿದ, ಇಂಗ್ಲಿಷ್ ಬಾರದ ತಾಯಂದಿರಿಂದ ದೂರವಾಗುತ್ತಿದ್ದರು. ಒಂದು ದಿನ ಇಟಲಿಯ ಮುದುಕಿಯೊಬ್ಬಳು ಬೀದಿಯಲ್ಲಿ ಕದಿರಿನಿಂದ ನೂಲು ತೆಗೆಯುವುದನ್ನು ಅವರು ಕಂಡರು. ಈ ಕೈಗಳೇ ಮಕ್ಕಳಿಗೆ ಪಾಠ ಹೇಳಬೇಕೆಂದು ಅವರಿಗೆ ಅನಿಸಿತು. ಹೀಗೆ 1900ರಲ್ಲಿ ಹಲ್ ಹೌಸ್‌ನಲ್ಲಿ 'ಶ್ರಮ ಸಂಗ್ರಹಾಲಯ' ತೆರೆಯಿತು. ಶನಿವಾರ ಸಂಜೆ ನೆರೆಹೊರೆಯ ಹೆಂಗಸರು ನೂಲುವುದನ್ನು, ನೇಯುವುದನ್ನು ಎಲ್ಲರೆದುರು ಮಾಡಿ ತೋರಿಸಿದರು. ತಾಯಿಯ ಜೊತೆ ಒಂದೇ ಬಾಗಿಲಿನಿಂದ ಒಳಬರಲು ನಾಚುತ್ತಿದ್ದ ಇಟಲಿಯ ಹುಡುಗಿಯೊಬ್ಬಳು, ನೋಡಲು ಬಂದವರು ತಾಯಿಯ ಕೈಚಳಕವನ್ನು ಹೊಗಳಿದ್ದು ಕೇಳಿದಳು. ಅಂದಿನಿಂದ ತಾಯಿಯ ಜೊತೆಗೇ ಬರತೊಡಗಿದಳು.

1931ರಲ್ಲಿ ಆಡಮ್ಸ್‌ರಿಗೆ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ಈ ಪ್ರಶಸ್ತಿ ಪಡೆದ ಅಮೆರಿಕದ ಮೊದಲ ಮಹಿಳೆ ಅವರು. 1935ರ ಮೇ 21ರಂದು ನಿಧನರಾದರು.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಮೊಹಲ್ಲಾದ ದರ್ಜಿ, ಬಡಗಿ, ಮೆಕ್ಯಾನಿಕ್, ಚಿಕ್ಕ ಅಂಗಡಿಯವರು ಕೂಡ ಕಲಿಸಬಲ್ಲರು. ಈ ರಜೆಯಲ್ಲಿ ಅವರಲ್ಲಿ ಒಬ್ಬರ ಬಳಿ ಕುಳಿತು ಅವರ ಕೆಲಸ ನೋಡಿ, ಲೆಕ್ಕ ಕೇಳಿ, ಬರೆದುಕೊಳ್ಳಿ. ಮನೆಯವರ ದುಡಿಮೆಯನ್ನು ಗೌರವಿಸಲು ಕಲಿಸದ ವಿದ್ಯೆ ಅರ್ಧ ವಿದ್ಯೆಯೇ ಸರಿ.