ಫೇಲ್ ಮಾಡಲೆಂದೇ ಇಟ್ಟ ಪರೀಕ್ಷೆ

ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ಫ್ಯಾನಿ ಲೂ ಹೇಮರ್ ಬರೆದ ಪರೀಕ್ಷೆ ಆಗಾಗ ನೆನಪಾಗುತ್ತದೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1917ರಲ್ಲಿ ಹುಟ್ಟಿದ ಅವರು ಇಪ್ಪತ್ತು ಮಕ್ಕಳಲ್ಲಿ ಕೊನೆಯವರು. ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದರು. ಕಪ್ಪು ಜನರಿಗೂ ಮತದ ಹಕ್ಕಿದೆ ಎಂದು ತಿಳಿದದ್ದು 44ನೇ ವಯಸ್ಸಿನಲ್ಲಿ, ಚರ್ಚ್‌ನ ಸಭೆಯೊಂದರಲ್ಲಿ!

1962ರ ಆಗಸ್ಟ್ 31ರಂದು 17 ಮಂದಿಯೊಂದಿಗೆ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋದರು. ಹೆಸರು ನೋಂದಾಯಿಸಲು ರಾಜ್ಯ ಸಂವಿಧಾನದ ಒಂದು ವಿಧಿಯನ್ನು ಬರೆದು ವಿವರಿಸಬೇಕಿತ್ತು. ಇವರಿಗೆ ಸಿಕ್ಕಿದ್ದು 'ಡಿ ಫ್ಯಾಕ್ಟೋ' ಕಾನೂನು. ವಕೀಲರೂ ತಡವರಿಸುವ ಪ್ರಶ್ನೆ. ಫೇಲಾದರು. 18 ವರ್ಷ ದುಡಿದ ತೋಟದಿಂದ ಮಾಲೀಕ ಅಂದೇ ಹೊರಹಾಕಿದ. ಮೌಲ್ಯಮಾಪನ ಸರಿಯಿಲ್ಲವೆಂದು ನಾವು ಗೊಣಗುತ್ತೇವೆ. ಅಲ್ಲಿ ಫೇಲ್ ಮಾಡುವುದೇ ಪರೀಕ್ಷೆಯ ಉದ್ದೇಶವಾಗಿತ್ತು.

1963ರ ಜನವರಿಯಲ್ಲಿ ಪಾಸಾದರು. ಮತ ಹಾಕಲು ಹೋದರೆ ತಲೆಗಂದಾಯದ ರಸೀದಿ ಕೇಳಿದರು. ಅದೇ ವರ್ಷ ಜೂನ್‌ನಲ್ಲಿ ವಿನೋನಾ ಜೈಲಿನಲ್ಲಿ ಪೊಲೀಸರು ಹೊಡೆಸಿದರು, ಅದೂ ಇಬ್ಬರು ಕಪ್ಪು ಕೈದಿಗಳ ಕೈಯಿಂದಲೇ. ಮೂತ್ರಪಿಂಡಕ್ಕೆ ಬಿದ್ದ ಪೆಟ್ಟು ಕೊನೆವರೆಗೂ ವಾಸಿಯಾಗಲಿಲ್ಲ. 1964ರ ಡೆಮಾಕ್ರಟಿಕ್ ಸಮಾವೇಶದಲ್ಲಿ ಇದನ್ನೆಲ್ಲ ಹೇಳತೊಡಗಿದಾಗ ಅಧ್ಯಕ್ಷ ಜಾನ್ಸನ್ ದಿಢೀರ್ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತಮ್ಮತ್ತ ಸೆಳೆದರು. ರಾತ್ರಿ ಟಿ.ವಿ.ಗಳು ಹೇಮರ್ ಮಾತನ್ನೇ ತೋರಿಸಿದವು.

ಸೆಲ್ಮಾ ನಡಿಗೆಯ ಬಳಿಕ 1965ರಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. ಹೇಮರ್ 1977ರಲ್ಲಿ ತೀರಿಕೊಂಡರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಮುಖ್ಯ ಭಾಗವೊಂದನ್ನು ರದ್ದುಪಡಿಸಿತು. ಹೋರಾಟ ಇನ್ನೂ ಮುಗಿದಿಲ್ಲ.

ನನ್ನ ಹೆಸರು ಪಟ್ಟಿಗೆ ಸೇರಲು ಒಂದು ಅರ್ಜಿ ಸಾಕಾಯಿತು. ಕಳೆದ ಚುನಾವಣೆಯ ದಿನ ಊರಿಗೆ ಹೋಗದೆ ಬೆಂಗಳೂರಿನ ರೂಮಿನಲ್ಲಿ ಮಲಗಿದ್ದೆ.