ದಂಡಧರನ ಬಿನ್ನಪ

ಗುಂಡ್ಲುಪೇಟೆ ಸೀಮೆಯ ಹಂಗಳದಲ್ಲಿ ನಿರ್ಬಂಧದ ದಿನಗಳನ್ನು ಕಳೆದ ಚಿಕ್ಕದೇವರಾಜ ಒಡೆಯರು 1673ರಲ್ಲಿ ಮೈಸೂರಿನ ಪಟ್ಟವನ್ನೇರಿದರು. ಕಷ್ಟಕಾಲದ ಸಂಗಡಿಗನಾಗಿದ್ದ ವಿಶಾಲಾಕ್ಷ ಪಂಡಿತನು ಪ್ರಧಾನಿಯಾದನು. ಅವನು ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರಿನವನು. ಕಂದಾಯದ ಭಾರವನ್ನು ತಾಳಲಾರದೆ ರೈತರು ದಂಗೆಯೆದ್ದಾಗ, ಅವರಿಗೆ ಬೆಂಬಲವಾಗಿದ್ದ 400ಕ್ಕೂ ಮಿಕ್ಕ ಜಂಗಮರನ್ನು ನಂಜನಗೂಡಿಗೆ ಕರೆಯಿಸಿ ವಧಿಸಲಾಯಿತೆಂದು ಇತಿಹಾಸಕಾರ ವಿಲ್ಕ್ಸನು ಬರೆದಿರುವನು. 1686ರಲ್ಲಿ ಪಂಡಿತನೂ ಕೊಲೆಯಾದನು. ಒಡೆಯರನ್ನಾದರೋ ವಿಚಾರಿಸುವ ನ್ಯಾಯಾಸನವೇ ಇರಲಿಲ್ಲ.

ತಂದೆಯ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದ ಅವರೇ ತಮ್ಮ ಹೆಸರಿನ ‘ಬಿನ್ನಪ’ದಲ್ಲಿ ಮೇಲುಕೋಟೆಯ ನಾರಾಯಣನ ಮುಂದೆ ಶರಣಾಗತರಾಗಿ ನಿಲ್ಲುವರು. 1704ರಲ್ಲಿ ಕಾಲವಶರಾದರು. ದಂಡಧರನು ದೇವರ ಕೃಪೆಯನ್ನು ಬೇಡಬಹುದು. ವಿಚಾರಣೆಯಿಲ್ಲದೆ ಸತ್ತವರ ಬಿನ್ನಪವನ್ನು ಕೇಳಬೇಕಾದವರು ಚರಿತ್ರೆಯನ್ನೋದುವ ನಾವು.